ಪಂಪ್ ಬಿಚ್ಚೋಕೆ ಮುಂಚೆ ಏರ್ ತೆಗೆದು ನೋಡಿ: ಪವರ್ ಸ್ಟೇರಿಂಗ್ ಬಗ್ಗೆ ಮಂಡ್ಯದಲ್ಲಿ ಆಡಿದ ಮಾತು

ಹೋದ ಭಾನುವಾರ ಮಂಡ್ಯದಲ್ಲಿ ಲಾರಿ, ಟ್ರ್ಯಾಕ್ಟರ್, ಟ್ಯಾಕ್ಸಿ ಓಡಿಸೋರು ಒಂದಷ್ಟು ಜನ, ಗ್ಯಾರೇಜ್ ಕೆಲಸ ಕಲೀತಿರೋ ಹುಡುಗರು ಒಂದಷ್ಟು ಜನ ಸೇರಿದ್ದರು, ಅಲ್ಲಿ ಪವರ್ ಸ್ಟೇರಿಂಗ್‌ನಲ್ಲಿ ಏರ್ ತೆಗೆಯೋದರ ಬಗ್ಗೆ, ಅಂದ್ರೆ ಸ್ಟೇರಿಂಗ್ ಹಗುರ ಮಾಡೋ ಆಯಿಲ್ ಒಳಗೆ ಸೇರಿಕೊಂಡ ಗಾಳಿ ಹೊರಗೆ ಹಾಕೋದರ ಬಗ್ಗೆ, ಒಂದು ಗಂಟೆ ಮಾತಾಡಿದೆ. ಬರೋಕೆ ಆಗದೆ ಇದ್ದೋರು ಅದನ್ನ ಬರೆದು ಹಾಕಿ ಅಂದ್ರು. ಆಡಿದ ಮಾತನ್ನ ಆಡಿದ ಹಾಗೇ ಹಾಕ್ತಿದ್ದೀನಿ, ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ಈಗ ಒಳಗೆ ಬರೋವಾಗ ಆಚೆ ಗಾಡಿಯಲ್ಲಿ ಸುಮಾರು ಜನ ಕಬ್ಬಿನ ಹಾಲು ಕುಡೀತಿದ್ರಿ, ಅಲ್ಲಿಂದಲೇ ಶುರು ಮಾಡ್ತೀನಿ. ಆಗಷ್ಟೇ ಅರೆದು ಕೊಟ್ಟ ಹಾಲು ಲೋಟದ ಅಂಚಿನ ತನಕ ಇರತ್ತೆ, ಮೇಲೆ ಎರಡು ಬೆರಳು ನೊರೆ. ಅವಸರಕ್ಕೆ ಬಾಯಿಗೆ ಇಟ್ರೆ ಬರೀ ನೊರೆ ಬರತ್ತೆ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡ್ರೆ ನೊರೆ ಒಡೆದು ಹಾಲು ಕೆಳಗೆ ಇಳಿಯತ್ತೆ, ಆಗ ಗೊತ್ತಾಗತ್ತೆ ಲೋಟದಲ್ಲಿ ನಿಜವಾಗ್ಲೂ ಎಷ್ಟು ಇತ್ತು ಅಂತ. ನಿಮ್ಮ ಗಾಡಿ ಸ್ಟೇರಿಂಗ್ ಆಯಿಲ್ ಡಬ್ಬಿ ಒಳಗೆ ನಡೆಯೋದೂ ಇದೇನೇ. ನಾವು ಸಾಮಾನ್ಯವಾಗಿ ಆ ನೊರೆ ಇಳಿಯೋ ತನಕ ಕಾಯಲ್ಲ. ಕಾಯದೇ ಇದ್ದಿದ್ದಕ್ಕೆ ಎಷ್ಟು ಒಳ್ಳೊಳ್ಳೆ ಪಂಪ್‌ಗಳು ಗುಜರಿಗೆ ಹೋಗಿವೆ ಅಂತ ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ, ಅದಕ್ಕೇ ಇವತ್ತು ಇದೊಂದನ್ನೇ ಮಾತಾಡೋಣ ಅಂತ ಬಂದೆ.

ಮೊದಲು ಒಂದು ಮಾತು, ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಸ್ಟೇರಿಂಗ್, ಅದರಲ್ಲಿ ಮೋಟರ್ ಇರತ್ತೆ, ಆಯಿಲ್ ಇರಲ್ಲ, ಏರ್ ಹಿಡಿಯೋ ಪ್ರಶ್ನೆಯೂ ಇಲ್ಲ. ನಾನು ಹೇಳ್ತಿರೋದು ಆಯಿಲ್ ಸ್ಟೇರಿಂಗ್ ಬಗ್ಗೆ, ಅಂದ್ರೆ ಹಳೇ ಇನ್ನೋವಾ, ಬೊಲೆರೊ, ನಿಮ್ಮ ಕಬ್ಬಿನ ಲಾರಿ, ಟ್ರ್ಯಾಕ್ಟರ್ ಇವೆಲ್ಲ. ಈ ಆಯಿಲ್ ಪವರ್ ಸ್ಟೇರಿಂಗ್‌ನ ಕೆಲಸಕ್ಕೆ ಬರೋ ಹಾಗೆ ಮಾಡಿ ತೋರಿಸಿದ್ದು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಅನ್ನೋ ಎಂಜಿನಿಯರ್, 1926ರಲ್ಲಿ. ಅವರು ಪಿಯರ್ಸ್ ಆರೋ ಕಂಪನಿಯಲ್ಲಿ ಲಾರಿ ವಿಭಾಗದಲ್ಲಿ ಕೆಲಸ ಮಾಡಿದ್ದೋರು, ಭಾರದ ಗಾಡಿ ತಿರುಗಿಸೋಕೆ ಡ್ರೈವರ್ ಪಡೋ ಪಾಡು ಕಣ್ಣಾರೆ ನೋಡಿದ್ದೋರು. ಆದ್ರೂ ಮಾರಾಟಕ್ಕೆ ಕಾರಲ್ಲಿ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. 25 ವರ್ಷ ಕಾಯಬೇಕಾಯ್ತು.

ಸರಿ, ಒಳಗೆ ಏನಿದೆ ಅಂತ ಬೇಗ ಹೇಳ್ಬಿಡ್ತೀನಿ. ಒಂದು ಆಯಿಲ್ ಡಬ್ಬಿ, ಅಲ್ಲಿಂದ ಪಂಪ್‌ಗೆ ಒಂದು ದಪ್ಪ ಮೆತ್ತನೆ ಹೋಸ್, ಅದು ಸಕ್ಷನ್, ಅಂದ್ರೆ ಪಂಪ್ ಆಯಿಲ್ ಎಳ್ಕೊಳ್ಳೋ ಕಡೆ. ಪಂಪ್ ಎಂಜಿನ್ ಬೆಲ್ಟಿಂದ ತಿರುಗತ್ತೆ, ಲಾರಿಗಳಲ್ಲಿ ಗೇರಿಂದ ತಿರುಗೋದೂ ಉಂಟು. ಪಂಪಿಂದ ಚಕ್ರ ತಿರುಗಿಸೋ ಸ್ಟೇರಿಂಗ್ ರ್‍ಯಾಕ್‌ಗೋ ಬಾಕ್ಸ್‌ಗೋ ಒಂದು ಗಟ್ಟಿ ಪ್ರೆಷರ್ ಪೈಪ್, ಅಲ್ಲಿಂದ ವಾಪಸ್ ಡಬ್ಬಿಗೆ ರಿಟರ್ನ್ ಪೈಪ್. ಇಷ್ಟೇ. ನೀವು ಸ್ಟೇರಿಂಗ್ ತಿರುಗಿಸಿದಾಗ ಒಳಗೆ ಒಂದು ವಾಲ್ವ್ ಸ್ವಲ್ಪ ಜರುಗತ್ತೆ, ಆಯಿಲ್ ಒಂದು ಕಡೆಗೆ ಹೋಗಿ ಪಿಸ್ಟನ್‌ನ ತಳ್ಳತ್ತೆ. ಕಾರಲ್ಲಿ ಆ ಪ್ರೆಷರ್ 70 ಬಾರ್, ಅದಕ್ಕಿಂತ ಜಾಸ್ತಿನೂ ಹೋಗತ್ತೆ. ನಿಮ್ಮ ಕಾರ್ ಟೈರಿಗೆ 32 ಪಾಯಿಂಟ್ ಗಾಳಿ ಹಾಕಿಸ್ತೀರಲ್ಲ, ಆ ಲೆಕ್ಕದಲ್ಲಿ ಇದು ಸಾವಿರ ಪಾಯಿಂಟ್. ಪಂಪ್ ಒಳಗೆ ಒಂದು ರೋಟರ್, ಅದರಲ್ಲಿ ಗೀರು ಗೀರಾಗಿ ಜಾಗ, ಆ ಜಾಗಗಳಲ್ಲಿ ಸಣ್ಣ ಸಣ್ಣ ಪಟ್ಟಿ ಕೂತಿರತ್ತೆ, ವೇನ್ ಅಂತೀವಿ. ಅವು ಸುತ್ತಲಿನ ಗೋಡೆಗೆ ಉಜ್ಜಿಕೊಂಡೇ ತಿರುಗಬೇಕು. ಆ ಉಜ್ಜೋ ಜಾಗಕ್ಕೆ ಬೇರೆ ಗ್ರೀಸ್ ಇಲ್ಲ, ಬೇರೆ ಆಯಿಲ್ ಇಲ್ಲ, ಅದೇ ಸ್ಟೇರಿಂಗ್ ಆಯಿಲೇ ಅದಕ್ಕೆ ಗತಿ. ಈ ಮಾತನ್ನ ಹುಡುಗರು ಸ್ವಲ್ಪ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಮುಂದೆ ಹೇಳೋದೆಲ್ಲ ಇದರ ಮೇಲೆ ನಿಂತಿದೆ.

ಈಗ ಏರ್. ಆಯಿಲ್‌ನ ನೀವು ಎಷ್ಟು ಒತ್ತಿದ್ರೂ ಅದು ಸಣ್ಣ ಆಗಲ್ಲ, ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆ ಹಾಗೇ ಹೋಗಿ ಮುಟ್ಟತ್ತೆ. ಗಾಳಿ ಹಾಗಲ್ಲ. 70 ಬಾರ್‌ನಲ್ಲಿ ಒಂದು ಗುಳ್ಳೆ ಎಪ್ಪತ್ತರಲ್ಲಿ ಒಂದು ಪಾಲಾಗಿ ಕುಗ್ಗತ್ತೆ, ಪ್ರೆಷರ್ ಬಿಟ್ಟ ತಕ್ಷಣ ಮತ್ತೆ ಉಬ್ಬತ್ತೆ. ಹಂಗಾಗಿ ಪಂಪ್ ಪಟ್ಟ ಶ್ರಮದಲ್ಲಿ ಒಂದು ಪಾಲು ಆ ಗುಳ್ಳೆ ಒತ್ತೋದ್ರಲ್ಲೇ ಹೋಗ್ಬಿಡತ್ತೆ, ನಿಮ್ಮ ಕೈಗೆ ಸ್ಟೇರಿಂಗ್ ಒಮ್ಮೆ ಹಗುರ ಒಮ್ಮೆ ಗಡುಸು ಅನ್ಸತ್ತೆ, ನಿಂತ ಜಾಗದಲ್ಲಿ ತಿರುಗಿಸಿದ್ರೆ ಅದುರತ್ತೆ, ಬಾನೆಟ್ ಒಳಗಿಂದ ಕೊಯ್ಯ್ ಅಂತ ಸೌಂಡ್ ಬರತ್ತೆ. ಆ ಸೌಂಡ್ ಕೇಳಿದ ತಕ್ಷಣ ಪಂಪ್ ಹೋಯ್ತು ಅಂತ ಹೇಳೋದು ನಮ್ಮಲ್ಲಿ ರೂಢಿ ಆಗ್ಬಿಟ್ಟಿದೆ.

ಅಲ್ಲೊಬ್ಬರು ಹಿರಿಯರು ಎದ್ದು, "ಸಾ, ಎಣ್ಣೆ ಒಂದು ತೊಟ್ಟೂ ಸೋರಿಲ್ಲ, ಕೆಳಗೆ ನೆಲ ಒಣಗದೆ, ಆದ್ರೂ ಏರ್ ಹೊಡೆದದೆ ಅಂತೀರಲ್ಲ, ಗಾಳಿ ಎಲ್ಲಿಂದ ಬತ್ತದೆ?" ಅಂದ್ರು. ಬಹಳ ಒಳ್ಳೇ ಪ್ರಶ್ನೆ ಅಣ್ಣ ಅದು. ನಾನು ಅವರನ್ನೇ ವಾಪಸ್ ಕೇಳಿದೆ, ನಿಮ್ಮ ಹೊಲದಲ್ಲಿ ಮೋಟರ್ ಇದೆಯಾ, ಸಕ್ಷನ್ ಪೈಪ್ ಜಾಯಿಂಟ್ ಲೂಸಾದ್ರೆ ಏನಾಗತ್ತೆ ಅಂತ. "ನೀರೆತ್ತಾಕಿಲ್ಲ, ಸಗಣಿ ಮೆತ್ತಬೇಕು" ಅಂದ್ರು. ಅಷ್ಟೇ ಅಣ್ಣ. ಸಗಣಿ ಯಾಕೆ ಮೆತ್ತೀರಿ? ಅಲ್ಲಿ ನೀರು ಹೊರಗೆ ಬರ್ತಿರಲ್ಲ, ಪೈಪ್ ಒಳಗೆ ಎಳೆತ ಇರತ್ತೆ, ತೂತಿದ್ರೆ ಗಾಳಿ ಒಳಕ್ಕೆ ಹೋಗತ್ತೆ. ಡೆಲಿವರಿ ಪೈಪ್ ಒಡೆದ್ರೆ ನೀರು ಚಿಮ್ಮತ್ತೆ, ಕಣ್ಣಿಗೆ ಕಾಣತ್ತೆ. ಸಕ್ಷನ್ ಒಡೆದ್ರೆ ಕಣ್ಣಿಗೆ ಏನೂ ಕಾಣಲ್ಲ. ಸ್ಟೇರಿಂಗ್‌ನಲ್ಲೂ ಡಬ್ಬಿಯಿಂದ ಪಂಪ್‌ಗೆ ಬರೋ ಆ ಮೆತ್ತನೆ ಹೋಸ್ ಇದೆಯಲ್ಲ, ಅದರ ಕ್ಲಿಪ್ ಲೂಸಾಗಿರ್ಬೋದು, ಹೋಸ್ ಬಾಯಿ ಗಟ್ಟಿಯಾಗಿ ಬಿರುಕು ಬಿಟ್ಟಿರ್ಬೋದು, ಪಂಪ್ ಬಾಯಿ ಹತ್ರ ಇರೋ ಓ ರಿಂಗ್ ಅನ್ನೋ ರಬ್ಬರ್ ಬಳೆ ಹೋಗಿರ್ಬೋದು, ಪಂಪ್ ಶಾಫ್ಟ್ ಆಯಿಲ್ ಸೀಲ್ ಸವೆದಿರ್ಬೋದು. ಡಬ್ಬಿಯಲ್ಲಿ ಆಯಿಲ್ ಕಮ್ಮಿ ಇದ್ರೂ ತಿರುವಲ್ಲಿ ಆಯಿಲ್ ಒಂದು ಕಡೆ ವಾಲಿ ಪಂಪ್ ಗಾಳಿ ಕುಡಿಯತ್ತೆ.

ಗುರುತು ಹಿಡಿಯೋಕೆ ಒಂದು ಸುಲಭದ ದಾರಿ ಇದೆ, ಇದಕ್ಕೆ ಮೀಟರ್ ಬೇಡ, ಸ್ಕ್ಯಾನರ್ ಬೇಡ. ಎಂಜಿನ್ ಓಡ್ತಿರೋವಾಗ ಡಬ್ಬಿಯಲ್ಲಿ ಆಯಿಲ್ ಎಲ್ಲಿದೆ ಅಂತ ನೋಡಿ, ಬೇಕಾದ್ರೆ ಹೊರಗೆ ಚಾಕ್‌ಪೀಸಲ್ಲಿ ಗೀಟು ಎಳೀರಿ. ಎಂಜಿನ್ ಆಫ್ ಮಾಡಿ. ಆಫ್ ಆದ ತಕ್ಷಣ ಆಯಿಲ್ ಗೀಟಿಗಿಂತ ಎದ್ದು ಮೇಲೆ ಬಂದ್ರೆ ಒಳಗೆ ಗಾಳಿ ಇದೆ. ಪೈಪ್ ಒಳಗೆ ಪ್ರೆಷರಿಗೆ ಸಿಕ್ಕಿ ಕುಗ್ಗಿದ್ದ ಗುಳ್ಳೆಗಳು ಉಬ್ಬಿ ಆಯಿಲ್‌ನ ಮೇಲಕ್ಕೆ ತಳ್ಳುತ್ತೆ, ಅಷ್ಟೇ. ಬಣ್ಣನೂ ನೋಡಿ. ಸುಮಾರು ಗಾಡಿಗಳ ಸ್ಟೇರಿಂಗ್‌ಗೆ ಹಾಕೋದು ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕೋ ಆಯಿಲ್; ಒಳ್ಳೇ ಎಟಿಎಫ್ ಆಯಿಲ್ ಕೆಂಪಗೆ ತಿಳಿಯಾಗಿರತ್ತೆ, ಏರ್ ಸೇರಿದ್ದು ಸ್ಟ್ರಾಬೆರಿ ಹಾಲಿನ ಥರ ಮಬ್ಬಾಗಿ ನಸುಗೆಂಪಿಗೆ ತಿರುಗಿರತ್ತೆ. ಆದ್ರೆ ನೊರೆ ಇಲ್ಲ, ಬಣ್ಣ ತಿಳಿಯಾಗಿದೆ, ಲೆವೆಲ್ ಏಳ್ತಿಲ್ಲ, ಸೌಂಡ್ ಮಾತ್ರ ಬರ್ತಿದೆ ಅಂದ್ರೆ ಅದು ಬೇರೆ ಕಥೆ, ಡಬ್ಬಿ ತಳದ ಜಾಲರಿ ಕಟ್ಕೊಂಡು ಪಂಪ್‌ಗೆ ಆಯಿಲ್ ಸಾಲದೆ ಇರ್ಬೋದು. ಜಾಲರಿ ತೊಳೀರಿ, ಲಾರಿಯಲ್ಲಿ ಫಿಲ್ಟರ್ ಇದ್ರೆ ಬದಲಾಯಿಸಿ.

ಇಲ್ಲಿ ಒಂದು ನಡೆದದ್ದು ಹೇಳ್ತೀನಿ. ಟ್ಯಾಕ್ಸಿ ಓಡಿಸೋ ಒಬ್ಬ ತಮ್ಮ ಇನ್ನೋವಾ ತಗೊಂಡು ಬಂದಿದ್ದ. ಮೈಸೂರು ಏರಿಯಾದಲ್ಲಿ ಎರಡು ಕಡೆ ತೋರಿಸಿ, ಎರಡೂ ಕಡೆ ಪಂಪ್ ಹೋಗಿದೆ ಅಂದಿದ್ರಂತೆ, ದುಡ್ಡು ಹೊಂದಿಸ್ತಾ ಇದ್ದ, ಕಂತು ಬೇರೆ ತಲೆ ಮೇಲೆ. ಗಾಡಿ ಸ್ಟಾರ್ಟ್ ಮಾಡ್ಸಿದೆ, ಸೌಂಡ್ ಇತ್ತು. ಅದೇ ಎಟಿಎಫ್ ಆಯಿಲ್‌ನ ಸಣ್ಣ ಸಿರಿಂಜಲ್ಲಿ ತಗೊಂಡು ಸಕ್ಷನ್ ಹೋಸ್ ಕ್ಲಿಪ್ ಸುತ್ತ ನಾಲ್ಕು ತೊಟ್ಟು ಬಿಟ್ಟೆ. ಆ ನಾಲ್ಕು ತೊಟ್ಟು ಅಂಚಿನ ಸುತ್ತ ಒಂದು ಕ್ಷಣ ನಿಂತು, ಆಮೇಲೆ ಸುಯ್ಯ್ ಅಂತ ಒಳಕ್ಕೆ ಹೋಯ್ತು, ಹೋಗೋ ಆ ಎರಡು ಮೂರು ಸೆಕೆಂಡ್ ಸೌಂಡ್ ಪೂರ್ತಿ ನಿಂತೋಯ್ತು, ಮತ್ತೆ ಶುರುವಾಯ್ತು. ಅವನಿಗೆ ನೋಡು ಅಂದೆ, ಮತ್ತೆ ಬಿಟ್ಟೆ, ಮತ್ತೆ ನಿಲ್ತು. ಹಿಂದೆ ಯಾರೋ ಹೋಸ್ ಬಿಚ್ಚಿ ಹಳೇ ಸ್ಪ್ರಿಂಗ್ ಕ್ಲಿಪ್ಪನ್ನೇ ವಾಪಸ್ ಹಾಕಿದ್ರು, ಅದಕ್ಕೆ ಹಿಡಿತವೇ ಇರಲಿಲ್ಲ. ಹೋಸ್ ಬಾಯಿ ಅರ್ಧ ಇಂಚು ಕತ್ತರಿಸಿ ಹೊಸ ಕ್ಲಿಪ್ ಹಾಕಿ ಏರ್ ತೆಗೆದ್ವಿ. ಅದೇ ಪಂಪ್ ಈಗಲೂ ಓಡ್ತಿದೆ. ಟೈರ್ ಪಂಚರ್‌ಗೆ ಹಾಕೋ ಹಾಗೆ ಸೋಪ್ ನೀರು ಹಾಕಿ ನೋಡಿದ್ವಿ ಅಂತ ಹುಡುಗರು ಹೇಳ್ತಾರೆ, ಸಕ್ಷನ್ ಕಡೆ ಅದು ಕೆಲಸ ಮಾಡಲ್ಲ ಕಣ್ರಪ್ಪ, ಗಾಳಿ ಒಳಗೆ ಹೋಗ್ತಿರೋ ಕಡೆ ಗುಳ್ಳೆ ಹೊರಗೆ ಹೆಂಗೆ ಏಳತ್ತೆ, ಬದಲಿಗೆ ಸೋಪ್ ನೀರು ಆಯಿಲ್‌ಗೆ ಸೇರ್ಕೊಳ್ಳತ್ತೆ.

ಏರ್ ಎಲ್ಲಿಂದ ಬರ್ತಿದೆ ಅಂತ ಹುಡುಕಿ ಮುಚ್ಚದೇ ಏರ್ ತೆಗೆದ್ರೆ, ಸಂಜೆಗೆ ಮತ್ತೆ ಅದೇ ಸೌಂಡ್. ಮೊದಲು ತೂತು, ಆಮೇಲೆ ಏರ್.

ಈಗ ತೆಗೆಯೋ ವಿಷಯ. ಹೆಚ್ಚಿನ ಕಾರುಗಳಲ್ಲಿ ಬ್ರೇಕ್‌ಗೆ ಇರೋ ಹಾಗೆ ಏರ್ ಬಿಡೋ ನಿಪ್ಪಲ್ ಇರಲ್ಲ, ಕೆಲವು ಲಾರಿ ಸ್ಟೇರಿಂಗ್ ಬಾಕ್ಸ್‌ಗಳಲ್ಲಿ ಇರತ್ತೆ. ಇಲ್ಲದ ಕಡೆ ಗಾಳಿ ಡಬ್ಬಿ ದಾರಿಯಲ್ಲೇ ಹೊರಗೆ ಬರಬೇಕು, ಬರೋ ಹಾಗೆ ನಾವು ಮಾಡ್ಬೇಕು. ಇಲ್ಲೇ ಎಲ್ಲರೂ ತಪ್ಪೋದು. ಆಯಿಲ್ ಹಾಕಿ, ಸ್ಟಾರ್ಟ್ ಹೊಡೆದು, ಎಡಕ್ಕೆ ಬಲಕ್ಕೆ ಜೋರಾಗಿ ತಿರುಗಿಸಿ ಆಯ್ತು ಅಂತಾರೆ. ಮನೇಲಿ ಮಜ್ಜಿಗೆ ಕಡೆಯೋದು ನೋಡಿದ್ದೀರಲ್ಲ, ಕಡಗೋಲು ಜೋರಾದಷ್ಟೂ ನೊರೆ ಸಣ್ಣಗೆ ಒತ್ತಾಗಿ ಏಳತ್ತೆ. ಪಂಪ್ ಕಡಗೋಲಿಗಿಂತ ಎಷ್ಟೋ ಪಟ್ಟು ಜೋರು, ಒಳಗೆ ಇದ್ದ ನಾಲ್ಕು ದೊಡ್ಡ ಗುಳ್ಳೆಯನ್ನ ನಾಲ್ಕು ಲಕ್ಷ ಸಣ್ಣ ಗುಳ್ಳೆ ಮಾಡ್ಬಿಡತ್ತೆ. ದೊಡ್ಡ ಗುಳ್ಳೆ ತಾನೇ ಬೇಗ ಮೇಲೆ ಏಳತ್ತೆ. ಸಣ್ಣ ಗುಳ್ಳೆ ಆಯಿಲ್ ಜೊತೆಗೇ ಸುತ್ತತ್ತೆ, ಗಂಟೆಗಟ್ಟಲೆ ಏಳಲ್ಲ. ಅದಕ್ಕೇ ನಾನು ಹೇಳೋದು, ಮೊದಲ ಸುತ್ತು ಎಂಜಿನ್ ಆಫ್ ಇರಬೇಕು. ಕೀ ಗಾಡಿಯಿಂದ ತೆಗೆದು ಬೇಕಾದ್ರೆ ಜೇಬಲ್ಲಿ ಇಟ್ಕೊಳ್ಳಿ, ಆದ್ರೆ ಸ್ಟೇರಿಂಗ್ ಲಾಕ್ ಆಗೋ ಗಾಡಿಯಲ್ಲಿ ಕೀ ಅಲ್ಲೇ ಬಿಟ್ಟು ಲಾಕ್ ಬಿಚ್ಚೋ ಅಷ್ಟು ಮಾತ್ರ ತಿರುಗಿಸಿಡಿ.

ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೀರಿ, ಮುಂದಿನ ಎರಡೂ ಚಕ್ರ ಜ್ಯಾಕಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬ್ಕೊಂಡು ಕೆಳಗೆ ಹೋಗ್ಬೇಡಿ, ದಯವಿಟ್ಟು. ಚಕ್ರ ಯಾಕೆ ಎತ್ತಬೇಕು ಅಂದ್ರೆ, ನೆಲಕ್ಕೆ ಕಚ್ಚಿದ ಚಕ್ರ ತಿರುಗಿಸೋಕೆ ಹೆಚ್ಚು ಪ್ರೆಷರ್ ಬೇಕು, ನಮಗೆ ಇಲ್ಲಿ ಪ್ರೆಷರ್ ಬೇಡ, ಆಯಿಲ್ ಮೆಲ್ಲಗೆ ಆ ಕಡೆ ಈ ಕಡೆ ಹರೀಬೇಕು ಅಷ್ಟೇ. ಡಬ್ಬಿ ಮುಚ್ಚಳದ ಮೇಲೆ ಅಥವಾ ಗಾಡಿ ಬುಕ್‌ನಲ್ಲಿ ಯಾವ ಆಯಿಲ್ ಅಂತ ಬರೆದಿರತ್ತೆ, ಅದನ್ನೇ ಹಾಕಿ. ಡೆಕ್ಸ್‌ರಾನ್ ಅಂತ ಇದ್ರೆ ಡೆಕ್ಸ್‌ರಾನ್, ಅದು ಎಟಿಎಫ್‌ನಲ್ಲೇ ಒಂದು ಥರ, ಬೇರೆ ಬರೆದಿದ್ರೆ ಬೇರೆ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಹಾಕ್ಬೇಡಿ, ಅದರ ಜಾತಿಯೇ ಬೇರೆ, ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಊದ್ಕೊಂಡು ಪೂರ್ತಿ ಸಿಸ್ಟಮ್ ಹಾಳಾಗತ್ತೆ. ಆಯಿಲ್ ಸುರಿಯೋವಾಗಲೂ ಎತ್ತರದಿಂದ ಸುರೀಬೇಡಿ, ಫನಲ್ ಡಬ್ಬಿ ಗೋಡೆಗೆ ತಾಗಿಸಿ ಎಳೆಯಾಗಿ ಇಳಿಸಿ. ಸುರಿದ ಮೇಲೆ ಒಂದು ಐದು ಹತ್ತು ನಿಮಿಷ ಸುಮ್ಮನೆ ಬಿಡಿ.

ಆಮೇಲೆ ಮುಚ್ಚಳ ಬಿಚ್ಚಿಟ್ಟು ಸ್ಟೇರಿಂಗ್‌ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ನಿಧಾನವಾಗಿ ತಿರುಗಿಸಿ. ಒಬ್ಬರು ಸ್ಟೇರಿಂಗ್ ಹತ್ರ, ಒಬ್ಬರು ಡಬ್ಬಿ ಹತ್ರ ಇದ್ರೆ ಒಳ್ಳೇದು. ಮೊದಲ ಮೂರ್ನಾಲ್ಕು ಸಲಕ್ಕೆ ದೊಡ್ಡ ಗುಳ್ಳೆಗಳು ಗುಳುಕ್ ಗುಳುಕ್ ಅಂತ ಬರ್ತವೆ, ಲೆವೆಲ್ ಇಳಿಯತ್ತೆ, ಇಳಿದ ಹಾಗೆ ಆಯಿಲ್ ಹಾಕ್ತಾ ಹೋಗಿ. ಡಬ್ಬಿ ಒಂದು ಸಲ ಖಾಲಿ ಆಗೋಕೆ ಬಿಟ್ರೆ ಮೊದಲಿಂದ ಶುರು ಮಾಡ್ಬೇಕು. ಹದಿನೈದು ಇಪ್ಪತ್ತು ಸಲ ಮಾಡಿ, ಲಾಂಗ್ ಪೈಪ್ ಇರೋ ಲಾರಿ ಆದ್ರೆ ಇನ್ನೂ ಜಾಸ್ತಿ. ಗುಳ್ಳೆ ನಿಂತು, ಲೆವೆಲ್ ಇಳಿಯೋದು ನಿಂತ ಮೇಲೆ ಮತ್ತೆ ಸ್ವಲ್ಪ ಹೊತ್ತು ಬಿಡಿ. ಈ ಬಿಡೋ ಹೊತ್ತಲ್ಲೇ ಅರ್ಧ ಕೆಲಸ ಆಗೋದು, ಆದ್ರೆ ಆ ಹೊತ್ತಲ್ಲಿ ಕೈ ಸುಮ್ಮನಿರೋದು ನಮ್ಮ ಹುಡುಗರಿಗೆ ಬಹಳ ಕಷ್ಟ.

ನನಗೂ ಕಷ್ಟ ಆಗಿತ್ತು. ಕೆಲಸ ಕಲಿಯೋ ವಯಸ್ಸಲ್ಲಿ ಮೈಸೂರಲ್ಲಿ ಒಂದು ಗ್ಯಾರೇಜ್‌ನಲ್ಲಿದ್ದೆ. ಒಂದು ಗಾಡಿಗೆ ಹೊಸ ಪಂಪ್ ಹಾಕಿದ್ದೆ, ಸಂಜೆ ಗಾಡಿ ಕೊಡಬೇಕಿತ್ತು, ಓನರ್ ಬಂದು ಕೂತಿದ್ರು. ಆಯಿಲ್ ಸುರಿದು ನೇರ ಸ್ಟಾರ್ಟ್ ಮಾಡ್ಬಿಟ್ಟೆ. ಡಬ್ಬಿಯಲ್ಲಿ ಆಯಿಲ್ ಕಾಣ್ತಿತ್ತು, ಆದ್ರೆ ಸಕ್ಷನ್ ಹೋಸ್ ಒಳಗೆ ಗಾಳಿ ಅಡ್ಡ ನಿಂತಿತ್ತು, ಪಂಪ್‌ಗೆ ಒಂದು ಹನಿ ಹೋಗಿರಲಿಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜೋ ಸೌಂಡ್ ಒಂದು ಸಲ ಕಿವಿಗೆ ಬಿದ್ರೆ ಮರೆಯೋಕಾಗಲ್ಲ. ನಾನು ಆಫ್ ಮಾಡೋ ಹೊತ್ತಿಗೆ ಆ ಹೊಸ ಪಂಪ್ ಗೋಡೆಯಲ್ಲಿ ಗೀರು ಬಿದ್ದಿತ್ತು. ಬಿಚ್ಚಿದಾಗ ಆಯಿಲ್ ಒಳಗೆ ಬೆಳ್ಳಿ ಪುಡಿ ಥರ ಮಿನುಗ್ತಿತ್ತು. ಆ ಪುಡಿಯನ್ನ ಬೆರಳಲ್ಲಿ ಮುಟ್ಟಿ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಆಗಿಂದ ಎಂಜಿನ್ ಆಫ್ ಇಟ್ಟು ತಿರುಗಿಸದೇ ಒಂದು ಗಾಡಿಯನ್ನೂ ಸ್ಟಾರ್ಟ್ ಮಾಡಿಲ್ಲ ನಾನು.

ಇಷ್ಟಾದ ಮೇಲೆ ಸ್ಟಾರ್ಟ್ ಮಾಡಿ, ಐಡ್ಲಿಂಗಲ್ಲೇ ಇರಲಿ, ರೇಸ್ ಕೊಡಬೇಡಿ. ಮತ್ತೆ ಮೆಲ್ಲಗೆ ಎಡ ಬಲ ತಿರುಗಿಸಿ. ಕೊನೆ ಮುಟ್ಟಿದ ಮೇಲೆ ಅಲ್ಲೇ ಒತ್ತಿ ಹಿಡೀಬೇಡಿ, ಎರಡು ಮೂರು ಸೆಕೆಂಡ್ ಸಾಕು, ಐದು ದಾಟಬಾರದು. ಒತ್ತಿ ಹಿಡಿದ್ರೆ ಪಂಪ್ ಪೂರ್ತಿ ಪ್ರೆಷರಿಗೆ ಹೋಗಿ ಜಾಸ್ತಿ ಪ್ರೆಷರ್ ಬಿಡೋ ರಿಲೀಫ್ ವಾಲ್ವ್ ತೆರೆದು ಅದೇ ಆಯಿಲ್ ಪಂಪ್ ಒಳಗೇ ಸುತ್ತಿ ಸುತ್ತಿ ಕಾದುಬಿಡತ್ತೆ. ನೊರೆ ಕಂಡ್ರೆ ಆಫ್ ಮಾಡಿ, ಕಾಯಿರಿ, ಮತ್ತೆ ಆಫ್‌ನಲ್ಲೇ ತಿರುಗಿಸಿ. ಬಹಳ ಹಟಮಾರಿ ಗಾಡಿ ಆದ್ರೆ ಡಬ್ಬಿ ಬಾಯಿಗೆ ರಬ್ಬರ್ ಬಿರಡೆ ಹಾಕಿ ಗಾಳಿ ಎಳೆಯೋ ಕೈ ವ್ಯಾಕ್ಯೂಮ್ ಪಂಪಲ್ಲಿ, ಅದರ ಮೀಟರ್ 20 ಇಂಚ್ (ಪಾದರಸದ ಲೆಕ್ಕ) ತೋರಿಸೋ ತನಕ ಎಳೆದು ಐದು ನಿಮಿಷ ಬಿಡಿ. ಗೋಲಿ ಸೋಡಾದಲ್ಲಿ ಗೋಲಿ ಒತ್ತಿದಾಗ ಅಲ್ಲಿ ತನಕ ಕಾಣದೇ ಇದ್ದ ಗುಳ್ಳೆ ಒಮ್ಮೆಗೇ ಏಳತ್ತಲ್ಲ, ಹಂಗೇ ಮೇಲಿನ ಒತ್ತಡ ಕಮ್ಮಿ ಆದಾಗ ಆಯಿಲ್ ಒಳಗಿನ ಸಣ್ಣ ಗುಳ್ಳೆಗಳು ದಪ್ಪ ಆಗಿ ಎದ್ದು ಬರ್ತವೆ.

ಟ್ರ್ಯಾಕ್ಟರ್ ಅಣ್ಣಂದಿರಿಗೆ ಎರಡು ಮಾತು. ನಿಮ್ಮಲ್ಲಿ ಎಷ್ಟೋ ಗಾಡಿಗಳಲ್ಲಿ ಸ್ಟೇರಿಂಗ್‌ಗೂ ಚಕ್ರಕ್ಕೂ ಮಧ್ಯೆ ರಾಡ್ ಸಂಬಂಧವೇ ಇರಲ್ಲ, ಬರೀ ಆಯಿಲ್ ಪೈಪ್. ಕಾರಲ್ಲಿ ಏರ್ ಹಿಡಿದ್ರೆ ಸ್ಟೇರಿಂಗ್ ಗಡುಸಾಗತ್ತೆ, ಗಾಡಿ ಆದ್ರೂ ತಿರುಗತ್ತೆ. ನಿಮ್ಮಲ್ಲಿ ಏರ್ ಹಿಡಿದ್ರೆ ಸ್ಟೇರಿಂಗ್ ಸುತ್ತತ್ತೆ, ಚಕ್ರ ತಡವಾಗಿ ಬರತ್ತೆ, ಹಿಂದೆ ಟ್ರೈಲರ್ ತುಂಬ ಕಬ್ಬು ಇದ್ದಾಗ ನಾಲೆ ಏರಿ ಮೇಲೆ ಇದು ಆಟ ಅಲ್ಲ. ಲೋಡ್ ಮಾಡೋಕೆ ಮುಂಚೆ ನೋಡ್ಕೊಳ್ಳಿ. ಮತ್ತೆ ಪ್ರೆಷರ್ ಪೈಪಲ್ಲಿ ಸೂಜಿ ತೂತಿನಷ್ಟು ಸೋರಿಕೆ ಇದೆ ಅನ್ಸಿದ್ರೆ ಎಂಜಿನ್ ಓಡ್ತಿರೋವಾಗ ಕೈ ಸವರಿ ಹುಡುಕಬೇಡಿ. ಆ ಪ್ರೆಷರಲ್ಲಿ ಆಯಿಲ್ ಚರ್ಮ ತೂರಿ ಒಳಕ್ಕೆ ಹೋಗತ್ತೆ, ಮೇಲೆ ನೋಡಿದ್ರೆ ಸೂಜಿ ಚುಚ್ಚಿದ ಹಾಗೆ ಕಾಣತ್ತೆ, ಬೆರಳೇ ತೆಗೆಯೋ ಹಂತಕ್ಕೂ ಹೋಗ್ಬೋದು, ತಡ ಮಾಡದೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಹುಡುಕೋಕೆ ಒಂದು ರಟ್ಟಿನ ಚೂರು ಹಿಡೀರಿ, ಕಲೆ ಬಿದ್ದ ಕಡೆ ತೂತು. ಸೈಲೆನ್ಸರ್ ಕಡೆ ಬಿಸಿ ಪೈಪ್ ಮೇಲೆ ಆಯಿಲ್ ಬಿದ್ದಿದ್ರೆ ಒರೆಸಿ ಆಮೇಲೆ ಸ್ಟಾರ್ಟ್ ಮಾಡಿ, ಅದು ಹತ್ತಿಕೊಳ್ಳತ್ತೆ.

ಒಬ್ಬ ಹುಡುಗ ಕೇಳಿದ, ಏರ್ ಪೂರ್ತಿ ಹೋಗಿದೆ ಅಂತ ಹೆಂಗೆ ಹೇಳೋದು ಸಾರ್, ಎಷ್ಟೋ ಗಾಳಿ ಆಯಿಲ್‌ನಲ್ಲಿ ಕರಗಿರತ್ತಂತಲ್ಲ ಅಂತ. ಕರಗಿರೋದು ನಿಜ, ಸಾಮಾನ್ಯವಾಗಿ 100 ಮಿಲಿ ಆಯಿಲ್‌ನಲ್ಲಿ 8-9 ಮಿಲಿಯಷ್ಟು ಗಾಳಿ ಕರಗಿಕೊಂಡೇ ಇರತ್ತೆ, ಸಕ್ಕರೆ ನೀರಲ್ಲಿ ಕರಗಿದ ಹಾಗೆ, ಅದರಿಂದ ತೊಂದ್ರೆ ಇಲ್ಲ. ಗುಳ್ಳೆಯಾಗಿ ಬಿಡಿಯಾಗಿ ಓಡಾಡೋದೇ ತೊಂದ್ರೆ. ಅದಕ್ಕೆ ಚಾಕ್‌ಪೀಸ್ ಗೀಟೇ ಸಾಕು, ಆಫ್ ಮಾಡಿದಾಗ ಲೆವೆಲ್ ಗೀಟಿನಲ್ಲೇ ನಿಂತಿರಬೇಕು.

ಮಾತು ಮುಗೀತು ಅನ್ನೋವಾಗ ಆ ಸಗಣಿ ಅಂದ ಹಿರಿಯರು, "ನಮ್ಮ ಹೈದನ ಬೊಲೆರೊ ಆಚೆ ನಿಂತದೆ, ಒಂದ್ ಕಿತ ನೋಡ್ಬುಡಿ" ಅಂದ್ರು. ಎಲ್ಲರೂ ಎದ್ದು ಹೊರಗೆ ಹೋದ್ವಿ. ಕೇಳಿದ ಹುಡುಗನ ಕೈಗೇ ಚಾಕ್ ಕೊಟ್ಟೆ. ಅವನು ಗೀಟು ಎಳೆದ, ಎಂಜಿನ್ ಆಫ್ ಮಾಡಿಸಿದ, ಆಯಿಲ್ ಗೀಟಿನಿಂದ ಒಂದು ಬೆರಳು ಮೇಲೆ ಎದ್ದು ನಿಲ್ತು. ಹಿರಿಯರು ಬಗ್ಗಿ ನೋಡಿ, "ಎದ್ತಲ್ಲ ಕಣಪ್ಪೋ" ಅಂದ್ರು. ಆಮೇಲೆ ಮತ್ತೆ ಸ್ಟಾರ್ಟ್ ಮಾಡಿ ಸಕ್ಷನ್ ಹೋಸ್‌ಗೆ ಆಯಿಲ್ ಬಿಟ್ವಿ, ಕ್ಲಿಪ್ ಹತ್ರ ಏನೂ ಆಗಲಿಲ್ಲ, ಡಬ್ಬಿ ಕೆಳಗಿನ ಬಾಯಿ ಹತ್ರ ಬಿಟ್ಟಾಗ ಸೌಂಡ್ ನಿಲ್ತು. ಅಲ್ಲಿ ಹೋಸ್‌ನಲ್ಲಿ ಉಗುರಿನಷ್ಟು ಬಿರುಕು. ಭಾನುವಾರ ಆಗಿದ್ರಿಂದ ಅಂಗಡಿ ತೆಗೆದಿರಲಿಲ್ಲ, ಹೊಸ ಹೋಸ್ ಸೋಮವಾರ ತರೋದು ಅಂತ ಆಯ್ತು, ಅಲ್ಲಿ ತನಕ ಗಾಡಿ ಅಲ್ಲೇ ಇರಲಿ ಅಂದೆ. ಸೋಮವಾರ ಸಂಜೆ ಆ ಹುಡುಗ ಫೋಟೋ ಕಳಿಸಿದ, ಡಬ್ಬಿ, ಬಿಳೀ ಗೀಟು, ಗೀಟಿನ ಮೇಲೇ ನಿಂತಿರೋ ಕೆಂಪು ಆಯಿಲ್. ಕೆಳಗೆ ಬರೆದಿದ್ದ, ಎಂಜಿನ್ ಆಫ್ ಇಟ್ಟು ಇಪ್ಪತ್ತಾರು ಸಲ ತಿರುಗಿಸಿದೆ ಸಾರ್ ಅಂತ.